ಆರಡಿ ಮೂರಡಿಗೂ ಪಹಣಿ ಬೇಕಣ್ಣಾ!

ಬೆಂಗಳೂರಿನ ಮಣ್ಣಿಗೆ ಮೈಸೂರಿನ ಮಣ್ಣು ಬದಲಿ! ಸಾಹಸಸಿಂಹನ ಸ್ಮಾರಕದ ಹದಿನಾರು ವರ್ಷದ ಕಥೆ, ವ್ಯಥೆ

ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಕೆಂಗೇರಿ ಬಸ್ ಹತ್ತಿ. ಕಿಟಕಿ ಪಕ್ಕದ ಸೀಟು ಸಿಕ್ಕರೆ ನಿಮ್ಮ ಅದೃಷ್ಟ. ಕದಿರೇನಹಳ್ಳಿ ದಾಟುತ್ತೆ, ಚಿಕ್ಕಲ್ಲಸಂದ್ರ ದಾಟುತ್ತೆ, ಉತ್ತರಹಳ್ಳಿ ಬರುತ್ತೆ. ಟ್ರಾಫಿಕ್ಕಿನಲ್ಲಿ ಬಸ್ಸು ಕುಂಟುತ್ತಾ ಸಾಗುವಾಗ ಅಂಗಡಿ ಬೋರ್ಡುಗಳ ಕೆಳಗಡೆ ವಿಳಾಸ ಓದಿ. ಸುಮಾರು ಹದಿನಾಲ್ಕು ಕಿಲೋಮೀಟರ್ ಉದ್ದದ ಈ ರಸ್ತೆಗೆ ಒಬ್ಬ ನಟನ ಹೆಸರಿದೆ. ಡಾ. ವಿಷ್ಣುವರ್ಧನ್ ರಸ್ತೆ!

ಈಗ ಒಂದು ಪ್ರಶ್ನೆ. ಹದಿನಾಲ್ಕು ಕಿಲೋಮೀಟರ್ ರಸ್ತೆಗೆ ಹೆಸರು ಸಿಕ್ಕಿತು. ಅದೇ ರಸ್ತೆಯ ಕೊನೆಯಲ್ಲಿ, ಮೈಲಸಂದ್ರದ ಅಭಿಮಾನ್ ಸ್ಟುಡಿಯೋದಲ್ಲಿ, ಆ ಮನುಷ್ಯನ ಚಿತೆ ಉರಿದ ಆರಡಿ ಮೂರಡಿ ಜಾಗ ಯಾಕೆ ಉಳಿಯಲಿಲ್ಲ?

ನಾನು ಪಿಯುಸಿ ಎರಡನೇ ವರ್ಷದಲ್ಲಿ ಪುಸ್ತಕ ಮಡಚಿಟ್ಟು ಪೆನ್ನು ಹಿಡಿದವನು. ಕಾನೂನು ಓದಿದವನಲ್ಲ. ಆದರೆ ಈ ಪ್ರಶ್ನೆ ಬೆನ್ನು ಬಿಡಲಿಲ್ಲ. ಕಣ್ಣೀರು ಸುರಿಸಿ ಬರೆಯೋದು ಸುಲಭ, ಬೇಕಾದಷ್ಟು ಜನ ಬರೆದಿದ್ದಾರೆ. ಕಾಗದ ಪತ್ರದ ಕಥೆ ಯಾರೂ ನಮ್ಮಂಥ ಫ್ಯಾನುಗಳಿಗೆ ಬಿಡಿಸಿ ಹೇಳಲಿಲ್ಲ. ಅದಕ್ಕೇ ಈ ಲೇಖನ. ಸ್ವಲ್ಪ ಉದ್ದ ಇದೆ. ಇಂಟರ್‌ವಲ್ ಇಲ್ಲ. ತಾಳ್ಮೆ ಇರಲಿ!

ಆ ಡಿಸೆಂಬರ್ 30

2009ರ ಡಿಸೆಂಬರ್ ಕೊನೆಯ ವಾರ ಕನ್ನಡಕ್ಕೆ ಕೆಟ್ಟ ವಾರ. 29ರಂದು ಗಾಯಕ ಸಿ. ಅಶ್ವತ್ಥ್ ಹೋದರು. ಅವರ ಸುದ್ದಿ ಆರುವ ಮೊದಲೇ, 30ರ ಬೆಳಗಿನ ಜಾವ, ಮೈಸೂರಿನ ಹೋಟೆಲೊಂದರಲ್ಲಿ ತಂಗಿದ್ದ ವಿಷ್ಣುವರ್ಧನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59. 'ಆಪ್ತರಕ್ಷಕ' ತೆರೆಗೆ ಬರುವುದು ಬಾಕಿ ಇತ್ತು. ಅದು 2010ರ ಫೆಬ್ರವರಿಯಲ್ಲಿ ಬಂದಾಗ ನೋಡಲು ನಾಯಕನೇ ಇರಲಿಲ್ಲ.

ಆಗ ನನಗೆ ಹನ್ನೆರಡು ವರ್ಷ. ನಮ್ಮ ಬೀದಿಯ ಅಂಗಡಿಗಳೆಲ್ಲ ಶಟರ್ ಎಳೆದಿದ್ದವು. ಆಟೋ ಓಡಿಸುತ್ತಿದ್ದ ನಮ್ಮ ಸೋದರಮಾವ ಬೆಳಿಗ್ಗೆಯಿಂದ ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ. "ನಡಿಯೋ, ದಾದಾನ್ನ ಒಂದ್ಸಲ ನೋಡ್ಕೊಂಡು ಬರೋಣ" ಅಂತ ನನ್ನ ಕೈ ಹಿಡಿದು ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೊರಟರು. ಪಾರ್ಥಿವ ಶರೀರವನ್ನು ಅಲ್ಲಿ ಇಟ್ಟಿದ್ದರು. ಜನವೋ ಜನ. ನಾನು ಕಂಡಿದ್ದು ಬರೀ ಬೆನ್ನುಗಳು. ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಾಗ ದೂರದಲ್ಲಿ ಹೂವಿನ ರಾಶಿ ಕಂಡಿತು, ಅಷ್ಟೇ. ಮಾವ ಅಳುತ್ತಿದ್ದದ್ದು ನನಗೆ ಕಾಣಲಿಲ್ಲ. ಅವರ ಭುಜ ಅಲ್ಲಾಡುತ್ತಿದ್ದದ್ದು ಗೊತ್ತಾಗುತ್ತಿತ್ತು.

ಜಯನಗರದಲ್ಲಿ ಮನೆ ಮಾಡಿಕೊಂಡಿದ್ದವರು ವಿಷ್ಣು. ಅಂತ್ಯಕ್ರಿಯೆ ಬನಶಂಕರಿಯ ಚಿತಾಗಾರದಲ್ಲಿ ಅಂತ ಮೊದಲು ಮಾತಾಗಿತ್ತು. ಆದರೆ ಅಷ್ಟು ಜನ ಎಲ್ಲಿ ನಿಲ್ಲಬೇಕು? ನಾಳೆ ಸ್ಮಾರಕ ಅಂತ ಆದರೆ ಎಲ್ಲಿ ಆಗಬೇಕು? ಮಾತು ಬದಲಾಯಿತು. ಮೆರವಣಿಗೆ ಅಭಿಮಾನ್ ಸ್ಟುಡಿಯೋ ಕಡೆ ತಿರುಗಿತು. ಸರ್ಕಾರಿ ಗೌರವದೊಂದಿಗೆ ಅಲ್ಲೇ ಅಗ್ನಿಸ್ಪರ್ಶ ಆಯಿತು.

ಓದುಗ ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲಿ. ಒಂದೇ ದಿನದಲ್ಲಿ, ದುಃಖದ ನಡುವೆ, ಅವಸರದಲ್ಲಿ ಆದ ತೀರ್ಮಾನ ಇದು. ಅಂಥ ಹೊತ್ತಿನಲ್ಲಿ "ಈ ಜಾಗದ ಕಾಗದ ಯಾರ ಹೆಸರಲ್ಲಿದೆ?" ಅಂತ ಕೇಳುವ ಧೈರ್ಯ ಯಾರಿಗಿರುತ್ತೆ? ಕೇಳಿದ್ದರೆ ನಾವೇ ಅವನನ್ನು ಹಿಡಿದು ಬಡಿಯುತ್ತಿದ್ದೆವು! ಆದರೆ ಮುಂದಿನ ಹದಿನಾರು ವರ್ಷದ ಕಥೆಯೆಲ್ಲ ಆ ಕೇಳದೇ ಉಳಿದ ಪ್ರಶ್ನೆಯಿಂದಲೇ ಹುಟ್ಟಿತು.

ಕಿವಿ ಕೇಳದ ಬಾಲಣ್ಣನ ಕನಸು

ಅಭಿಮಾನ್ ಸ್ಟುಡಿಯೋ ಕಟ್ಟಿದವರು ಟಿ.ಎನ್. ಬಾಲಕೃಷ್ಣ. ನಮ್ಮೆಲ್ಲರ ಬಾಲಣ್ಣ. 1943ರ 'ರಾಧಾರಮಣ'ದಿಂದ ಬಣ್ಣ ಹಚ್ಚಿ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದವರು. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಯೇ ಸರಿಯಾದ ಟೈಮಿಗೆ ಡೈಲಾಗ್ ಎಸೆಯುತ್ತಿದ್ದರು. ತೆರೆಯ ಮೇಲೆ ಒಂದು ಸಲವಾದರೂ ಗೊತ್ತಾಗಿದೆಯೇ? ಇಲ್ಲ!

ಆ ಕಾಲದಲ್ಲಿ ಕನ್ನಡ ಚಿತ್ರ ಅಂದರೆ ಹೆಚ್ಚಿನಂಶ ಮದರಾಸಿನಲ್ಲಿ ತಯಾರಾಗುತ್ತಿತ್ತು. ಕಥೆ ನಮ್ಮದು, ನಟರು ನಮ್ಮವರು, ಫ್ಲೋರು ಮಾತ್ರ ಅವರದು. ನಮ್ಮ ನೆಲದಲ್ಲೇ ನಮ್ಮದೊಂದು ಸ್ಟುಡಿಯೋ ಬೇಕು ಅನ್ನುವುದು ಬಾಲಣ್ಣನ ಹಠ. ಸರ್ಕಾರ ಮೈಲಸಂದ್ರದಲ್ಲಿ 20 ಎಕರೆ ಜಾಗ ಮಂಜೂರು ಮಾಡಿತು. ಕಟ್ಟಡಕ್ಕೆ ದುಡ್ಡು? ಅಭಿಮಾನಿಗಳಿಂದ ಒಂದೊಂದು ರೂಪಾಯಿ ಕೂಡಿಸಿದರು, ಅದಕ್ಕೇ 'ಅಭಿಮಾನ್' ಅಂತ ಹೆಸರು ಬಂತು ಅನ್ನುವ ಮಾತು ಗಾಂಧೀನಗರದಲ್ಲಿ ಇವತ್ತಿಗೂ ಓಡಾಡುತ್ತೆ.

ಸ್ಟುಡಿಯೋ ಎದ್ದಿತು. ಲಾಭ ಏಳಲಿಲ್ಲ. ಬಾಲಣ್ಣ 1995ರಲ್ಲಿ ತೀರಿಕೊಂಡರು. ಆಮೇಲೆ ಜಾಗ ಮಕ್ಕಳ ಕೈಗೆ ಬಂತು. 2004ರಲ್ಲಿ, 20 ಎಕರೆಯಲ್ಲಿ 10 ಎಕರೆ ಮಾರಿ ಆ ಹಣದಲ್ಲಿ ಉಳಿದ 10 ಎಕರೆಯಲ್ಲಿ ಸ್ಟುಡಿಯೋ ಅಭಿವೃದ್ಧಿ ಮಾಡುತ್ತೇವೆ ಅಂತ ಸರ್ಕಾರದಿಂದ ಅನುಮತಿ ಪಡೆಯಲಾಯಿತು. ಅರ್ಧ ಜಾಗ ಹೋಯಿತು. ಸ್ಟುಡಿಯೋದಲ್ಲಿ ಲೈಟು ಮಾತ್ರ ಮೊದಲಿನ ಹಾಗೆ ಹತ್ತಲಿಲ್ಲ.

ಅಂದರೆ 2009ರಲ್ಲಿ ನಾವೆಲ್ಲ ಚಿತೆಗೆ ಕೈ ಮುಗಿದು ನಿಂತಿದ್ದ ಆ ಜಾಗ ಸರ್ಕಾರದ್ದೂ ಪೂರ್ತಿ ಅಲ್ಲ, ಖಾಸಗಿಯವರದ್ದೂ ಪೂರ್ತಿ ಅಲ್ಲ. ಷರತ್ತಿನ ಮೇಲೆ ಮಂಜೂರಾದ ಜಾಗ. ಈ ಒಂದು ಮಾತು ಅರ್ಥವಾದರೆ ಅರ್ಧ ಕಥೆ ಅರ್ಥವಾದ ಹಾಗೆ.

ಮೂರು ಥರದ ಮಣ್ಣು

ನಮ್ಮ ಕಲಾವಿದರ ಸಮಾಧಿಗಳನ್ನೇ ಒಂದು ಸಲ ನೋಡಿ. ಮೂರು ಥರದ ಮಣ್ಣಿದೆ.

ಮೊದಲನೆಯದು ಸರ್ಕಾರದ ಮಣ್ಣು. ಯಶವಂತಪುರದ ಹತ್ತಿರ ಇರುವ ಕಂಠೀರವ ಸ್ಟುಡಿಯೋ ಸರ್ಕಾರಿ ಸಂಸ್ಥೆ. 2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದಾಗ ಅಲ್ಲಿ ಮಣ್ಣು ಮಾಡಿದರು. ಜಾಗ ಸರ್ಕಾರದ್ದೇ ಆದ್ದರಿಂದ ಮಾಲೀಕ ಯಾರು ಅನ್ನುವ ಜಗಳ ಹುಟ್ಟಲಿಲ್ಲ. ಹಾಗಿದ್ದೂ ರಾಜ್ ಸ್ಮಾರಕ ಉದ್ಘಾಟನೆ ಆಗಿದ್ದು 2014ರ ನವೆಂಬರಿನಲ್ಲಿ. ಎಂಟು ವರ್ಷ! 2018ರಲ್ಲಿ ರೆಬೆಲ್‌ಸ್ಟಾರ್ ಅಂಬರೀಷ್, 2021ರಲ್ಲಿ ಅಪ್ಪು ಅದೇ ಆವರಣ ಸೇರಿದರು. ಅಲ್ಲಿಗೆ ಹೋಗಿ ಹೂವಿಟ್ಟು ಬರುವ ಅಭಿಮಾನಿಗೆ "ನಾಳೆ ಇದು ಇರುತ್ತೋ ಇಲ್ವೋ" ಅನ್ನುವ ಭಯ ಇಲ್ಲ.

ಎರಡನೆಯದು ಸ್ವಂತ ಮಣ್ಣು. ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ಲೀಲಾವತಿಯವರು ತಮ್ಮ ತೋಟದಲ್ಲೇ ಬದುಕಿದರು. 2023ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅಲ್ಲೇ ಮಣ್ಣಾದರು. ಮಗ ವಿನೋದ್ ರಾಜ್ ಅಲ್ಲೇ ಸ್ಮಾರಕ ಕಟ್ಟಿಸಿದರು. ಯಾರನ್ನೂ ಕೇಳುವ ಹಂಗಿಲ್ಲ.

ಮೂರನೆಯದೇ ಈ ಷರತ್ತಿನ ಮಣ್ಣು. ಕೊಟ್ಟವರು ಸರ್ಕಾರ, ಅನುಭವಿಸುವವರು ಒಂದು ಕುಟುಂಬ, ಕೊಟ್ಟ ಉದ್ದೇಶ ಸ್ಟುಡಿಯೋ, ಆಗಿದ್ದು ಸಮಾಧಿ. ನಾಲ್ಕು ಕಡೆಯಿಂದ ನಾಲ್ಕು ಜನ ಹಗ್ಗ ಎಳೆದರೆ ನಡುವೆ ಇರುವುದು ಏನಾಗುತ್ತೆ?

ಹೇಳಿ ಕೇಳಿ ನಾವು ವಿಷ್ಣು ಅಭಿಮಾನಿಗಳು. "ಅಣ್ಣಾವ್ರಿಗೆ ಆಯ್ತು, ನಮ್ಮ ದಾದಾಗೆ ಯಾಕಿಲ್ಲ?" ಅಂತ ವರ್ಷಗಟ್ಟಲೆ ಕೂಗಿದೆವು. ಅದು ಅಭಿಮಾನದ ಕೂಗು, ತಪ್ಪಲ್ಲ. ಆದರೆ ವ್ಯತ್ಯಾಸ ಇದ್ದದ್ದು ಇಬ್ಬರು ನಟರ ನಡುವೆ ಅಲ್ಲ, ಎರಡು ಜಾಗದ ಕಾಗದದ ನಡುವೆ. ಈ ಮಾತು ಯಾರಾದರೂ ಆಗಲೇ ಮೈಕಿನಲ್ಲಿ ಹೇಳಿದ್ದರೆ ಎಷ್ಟೋ ಪೋಸ್ಟರ್ ಹರಿಯುವುದು ತಪ್ಪುತ್ತಿತ್ತು.

ಬೆಂಗಳೂರಿಗೆ ಬದಲು ಮೈಸೂರು

ಅಭಿಮಾನ್ ಸ್ಟುಡಿಯೋದಲ್ಲೇ ಸ್ಮಾರಕ ಆಗಲಿ ಅಂತ ಸರ್ಕಾರಗಳು ಹೇಳುತ್ತಲೇ ಬಂದವು. ಮುಖ್ಯಮಂತ್ರಿಗಳು ಬದಲಾದರು, ಮಾತು ಬದಲಾಗಲಿಲ್ಲ. ಕೆಲಸವೂ ಆಗಲಿಲ್ಲ. ಜಾಗದ ವ್ಯಾಜ್ಯ ಕೋರ್ಟು ಹತ್ತಿತ್ತು. ವರ್ಷಕ್ಕೆ ಎರಡು ಸಲ, ಸೆಪ್ಟೆಂಬರ್ 18 ಹುಟ್ಟುಹಬ್ಬಕ್ಕೆ, ಡಿಸೆಂಬರ್ 30 ಪುಣ್ಯತಿಥಿಗೆ, ಬಸ್ಸು, ಆಟೋ, ಬೈಕಿನಲ್ಲಿ ಬಂದ ಜನ ಹೂವು ಹಾಕಿ, ರಕ್ತದಾನ ಮಾಡಿ, ಅನ್ನಸಂತರ್ಪಣೆ ಮಾಡಿ ಹೋಗುತ್ತಿದ್ದರು. ಹೋಗುವಾಗ ಅದೇ ಪ್ರಶ್ನೆ. "ಸ್ಮಾರಕ ಯಾವಾಗ?"

ಕಾದು ಕಾದು ಸಾಕಾದ ಭಾರತಿ ವಿಷ್ಣುವರ್ಧನ್ ಅವರು ಮೈಸೂರಿನಲ್ಲೇ ಆಗಲಿ ಅಂದರು. ಅವರ ಮಾತಿನಲ್ಲಿ ನ್ಯಾಯ ಇಲ್ಲದೇ ಇಲ್ಲ. 1950ರ ಸೆಪ್ಟೆಂಬರ್ 18ರಂದು ಸಂಪತ್ ಕುಮಾರ್ ಅನ್ನುವ ಹುಡುಗ ಹುಟ್ಟಿದ್ದು ಮೈಸೂರಿನಲ್ಲಿ. ವಿಷ್ಣುವರ್ಧನ್ ಅನ್ನುವ ಮಹಾನಟ ಕೊನೆಯುಸಿರೆಳೆದದ್ದೂ ಮೈಸೂರಿನಲ್ಲೇ. ತೊಟ್ಟಿಲೂ ಅಲ್ಲೇ, ಕೊನೆಯ ರಾತ್ರಿಯೂ ಅಲ್ಲೇ.

ಸರ್ಕಾರ ಮೈಸೂರು ತಾಲ್ಲೂಕು ಹಾಲಾಳು ಗ್ರಾಮದಲ್ಲಿ, ಎಚ್.ಡಿ. ಕೋಟೆ ರಸ್ತೆಯ ಕಡೆ, 5 ಎಕರೆ ಗುರುತು ಮಾಡಿತು. ಅಲ್ಲಿಗಾದರೂ ಸುಖಾಂತ್ಯವೇ? ಎಲ್ಲಿ ಬಂತು! ಆ ಜಾಗದಲ್ಲಿ ಉಳುಮೆ ಮಾಡುತ್ತಿದ್ದ ರೈತರು ತಕರಾರು ತೆಗೆದರು. ಮತ್ತೆ ಕೋರ್ಟು, ಮತ್ತೆ ಕಾಯುವಿಕೆ. ಕೊನೆಗೆ 2020ರ ಸೆಪ್ಟೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಶಂಕುಸ್ಥಾಪನೆ ಮಾಡಿದರು. 2023ರ ಜನವರಿ 29ರಂದು ಬಸವರಾಜ ಬೊಮ್ಮಾಯಿಯವರು ಉದ್ಘಾಟಿಸಿದರು. ಸುಮಾರು 11 ಕೋಟಿ ರೂಪಾಯಿ ಖರ್ಚು. ಪ್ರತಿಮೆ ಇದೆ, ಸಭಾಂಗಣ ಇದೆ, ಅಪರೂಪದ ಫೋಟೋಗಳ ಮ್ಯೂಸಿಯಂ ಇದೆ. ಹೋಗಿ ಬಂದೆ. ಚೆನ್ನಾಗಿದೆ. ಚೆನ್ನಾಗಿಲ್ಲ ಅಂದರೆ ಬಾಯಿಗೆ ಹುಳ ಬೀಳುತ್ತೆ.

ಆದರೂ ಬೆಂಗಳೂರಿನ ಅಭಿಮಾನಿಯ ಮನಸ್ಸು ಒಪ್ಪಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಇದು ಬದಲಿ ಜಾಗ. ಅಲ್ಲಿ ಆಗಲಿಲ್ಲ, ಇಲ್ಲಿ ಕೊಟ್ಟೆವು, ಲೆಕ್ಕ ಚುಕ್ತಾ. ಅಭಿಮಾನಿಯ ಲೆಕ್ಕ ಬೇರೆ. ಸ್ಮಾರಕ ಎಲ್ಲಿ ಬೇಕಾದರೂ ಕಟ್ಟಬಹುದು. ಎರಡು ಕಟ್ಟಬಹುದು, ಹತ್ತು ಕಟ್ಟಬಹುದು. ಸಮಾಧಿ ಒಂದೇ. ಅದನ್ನು ಲಾರಿಗೆ ಹೇರಿಕೊಂಡು ಮೈಸೂರಿಗೆ ಒಯ್ಯುವುದಕ್ಕಾಗುತ್ತದೆಯೇ?

ಕತ್ತರಿಗುಪ್ಪೆಯ ಟೀ ಅಂಗಡಿಯಲ್ಲಿ ಇದೇ ಮಾತು ಬಂದಾಗ ಮಾವ ಒಂದು ಮಾತು ಹೇಳಿದರು. "ಮೈಸೂರಿನದು ಗುಡಿ ಕಣೋ, ಇಲ್ಲೀದು ಹೊಸ್ತಿಲು. ಗುಡಿ ಆಯ್ತು ಅಂತ ಹೊಸ್ತಿಲು ಕಿತ್ತಾಕ್ತಾರಾ?"

ಮದರಾಸಿನಲ್ಲೂ ಇದೇ ಕಥೆ

ಇದು ನಮ್ಮೊಬ್ಬರ ಗೋಳಲ್ಲ. ಚೆನ್ನೈಯ ಮರೀನಾ ಬೀಚಿನ ರಸ್ತೆಯಲ್ಲಿ 2006ರಲ್ಲಿ ಶಿವಾಜಿ ಗಣೇಶನ್ ಪ್ರತಿಮೆ ನಿಲ್ಲಿಸಿದರು. ಟ್ರಾಫಿಕ್ಕಿಗೆ ಅಡ್ಡ ಅಂತ ಕೋರ್ಟಿಗೆ ಹೋಯಿತು. 2017ರ ಆಗಸ್ಟಿನಲ್ಲಿ ಪ್ರತಿಮೆ ತೆಗೆದರು. ಅಡ್ಯಾರಿನಲ್ಲಿ ಅದೇ ವರ್ಷದ ಅಕ್ಟೋಬರ್ 1ಕ್ಕೆ, ಶಿವಾಜಿಯವರ ಹುಟ್ಟುಹಬ್ಬದ ದಿನ, ಸ್ಮಾರಕ ಭವನ ಉದ್ಘಾಟನೆ ಆಯಿತು. ಪ್ರತಿಮೆ ಅಲ್ಲಿಗೆ ಹೋಯಿತು.

ಅಭಿಮಾನಿಗಳಿಗೆ ನೋವಾಯಿತು, ನಿಜ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಹೋಗಿದ್ದು ಪ್ರತಿಮೆ. ಪ್ರತಿಮೆಗೆ ಕ್ರೇನ್ ಸಾಕು. ಇಲ್ಲಿ ಹೋಗಬೇಕಾಗಿದ್ದದ್ದು ನೆಲ. ನೆಲಕ್ಕೆ ಕ್ರೇನ್ ಎಲ್ಲಿದೆ?

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ

2025ರ ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ಮನೆಯಲ್ಲಿ ಅಮ್ಮ ಕಳಶಕ್ಕೆ ಸೀರೆ ಉಡಿಸುತ್ತಿದ್ದಳು. ನನ್ನ ಮೊಬೈಲು ಬಡಿದುಕೊಳ್ಳಲು ಶುರುವಾಯಿತು. ಒಂದಾದ ಮೇಲೆ ಒಂದು ಫೋಟೋ. ರಾತ್ರೋರಾತ್ರಿ ಪೊಲೀಸ್ ಬಂದೋಬಸ್ತಿನಲ್ಲಿ ಅಭಿಮಾನ್ ಸ್ಟುಡಿಯೋದ ಸಮಾಧಿಯನ್ನು ನೆಲಸಮ ಮಾಡಲಾಗಿತ್ತು.

ಬಸ್ ಹಿಡಿದು ಓಡಿದೆ. ಗೇಟಿನ ಹತ್ತಿರವೇ ತಡೆದರು. ಹೊರಗೆ ನಿಂತವರಲ್ಲಿ ಕೆಲವರು ಕೂಗುತ್ತಿದ್ದರು, ಕೆಲವರು ಸುಮ್ಮನೆ ನೆಲ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಅರವತ್ತು ದಾಟಿದ ಅಜ್ಜ ಕೈಯಲ್ಲಿ ಸೇವಂತಿಗೆ ಹಾರ ಹಿಡಿದಿದ್ದ. ಹಬ್ಬಕ್ಕೆ ಅಂತ ತಂದಿದ್ದೋ, ದಾದಾಗೆ ಅಂತ ತಂದಿದ್ದೋ, ಕೇಳುವ ಮನಸ್ಸಾಗಲಿಲ್ಲ. ಕೊನೆಗೆ ಆ ಹಾರವನ್ನು ಗೇಟಿನ ಕಂಬಿಗೇ ಸಿಕ್ಕಿಸಿ ಹೊರಟುಹೋದ.

ಚಿತ್ರರಂಗ ಕುದಿಯಿತು. ಕಿಚ್ಚ ಸುದೀಪ್ ಸೇರಿದಂತೆ ನಟರು ನೋವು ತೋಡಿಕೊಂಡರು. ಕೆಲವೇ ವಾರದಲ್ಲಿ ಕಥೆಗೆ ಹೊಸ ತಿರುವು. ಸರ್ಕಾರದ ಇಲಾಖೆಗಳು ಹಳೇ ಕಡತ ಬಿಚ್ಚಿದವು. ಈ ಜಾಗ ಮೂಲದಲ್ಲಿ ಅರಣ್ಯದ್ದು, ಸ್ಟುಡಿಯೋಗೆ ಅಂತ ಕೊಟ್ಟ ಷರತ್ತು ಮುರಿದಿದೆ, ಆದ್ದರಿಂದ ವಾಪಸ್ ಪಡೆಯಬೇಕು ಅಂತ ಆಗಸ್ಟ್ ಕೊನೆಯ ಹೊತ್ತಿಗೆ ಕ್ರಮಕ್ಕೆ ಮುಂದಾದವು.

ಇಲ್ಲಿ ವಿಧಿಯ ಆಟ ನೋಡಿ. 1973ರ 'ಗಂಧದ ಗುಡಿ'ಯಲ್ಲಿ ಅಣ್ಣಾವ್ರು ಕಾಡು ಕಾಯುವ ಅಧಿಕಾರಿ. ಅದೇ ಚಿತ್ರದಲ್ಲಿ ವಿಷ್ಣು ಇದ್ದರು, ಬಾಲಣ್ಣನೂ ಇದ್ದರು. ಕಾಡಿನ ಕಥೆಯಲ್ಲಿ ಒಟ್ಟಿಗೆ ನಟಿಸಿದ ಇಬ್ಬರ ಹೆಸರು ಐವತ್ತೆರಡು ವರ್ಷದ ಮೇಲೆ ಕಾಡಿನ ಜಾಗದ ಕಡತದಲ್ಲಿ ಒಟ್ಟಿಗೆ ಬಂದವು! ಯಾವ ಕಥೆಗಾರನೂ ಹೀಗೆ ಬರೆಯಲಾರ.

ಸರ್ಕಾರ ವಾಪಸ್ ತಗೊಂಡರೆ ಗೆದ್ದೆವೇ?

"ಜಾಗ ಸರ್ಕಾರಕ್ಕೆ ಬಂದರೆ ಸಾಕು, ಮಾರನೇ ದಿನವೇ ಸ್ಮಾರಕ!" ಅಂತ ನಮ್ಮ ಹುಡುಗರು ಶಿಳ್ಳೆ ಹೊಡೆದರು. ಮಿತ್ರರೇ, ಆ ಶಿಳ್ಳೆ ಸ್ವಲ್ಪ ಜೇಬಿನಲ್ಲಿಡಿ.

1980ರಿಂದ ದೇಶದಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಇದೆ. ಅರಣ್ಯ ಅಂತ ಕಾಗದದಲ್ಲಿ ಬಂದ ಜಾಗದಲ್ಲಿ ಬೇರೆ ಕೆಲಸ ಮಾಡಬೇಕಾದರೆ ರಾಜ್ಯ ಸರ್ಕಾರ ಒಂದೇ ಮನಸ್ಸು ಮಾಡಿದರೆ ಸಾಲದು, ಕೇಂದ್ರದ ಒಪ್ಪಿಗೆ ಬೇಕು. ಹಾಗೆ ಕೊಟ್ಟಾಗ ಬದಲಿಗೆ ಬೇರೆ ಕಡೆ ಕಾಡು ಬೆಳೆಸಬೇಕು ಅನ್ನುವ ಷರತ್ತೂ ಸಾಮಾನ್ಯ. ಅಂದರೆ ಯಾವ ಕಾಗದದ ಬಲದಿಂದ ಜಾಗ ಸರ್ಕಾರಕ್ಕೆ ಬರುತ್ತೋ, ಅದೇ ಕಾಗದ ಅಲ್ಲಿ ಕಟ್ಟಡ ಕಟ್ಟುವುದಕ್ಕೂ ಅಡ್ಡ ನಿಲ್ಲಬಹುದು! ಒಂದೇ ಕತ್ತಿಗೆ ಎರಡು ಅಲಗು.

ಇದನ್ನು ಹೇಳಿದರೆ ಕೆಲವರು ನನ್ನ ಮೇಲೇ ರೇಗುತ್ತಾರೆ. "ನೀನು ಯಾರ ಕಡೆಯವನಯ್ಯಾ?" ಅಂತಾರೆ. ನಾನು ದಾದಾ ಕಡೆಯವನೇ. ಸುಳ್ಳು ಭರವಸೆ ಕಡೆಯವನಲ್ಲ.

2025ರ ಸೆಪ್ಟೆಂಬರ್ 11ರಂದು ರಾಜ್ಯ ಸಚಿವ ಸಂಪುಟ ವಿಷ್ಣುವರ್ಧನ್ ಮತ್ತು ಬಿ. ಸರೋಜಾದೇವಿ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಘೋಷಿಸಿತು. ಒಂದು ವಾರದ ಮೇಲೆ ವಿಷ್ಣು ಅವರ 75ನೇ ಹುಟ್ಟುಹಬ್ಬ. ರಾಜ್ಯದ ಅತಿ ದೊಡ್ಡ ಗೌರವ ಬಂತು, ಆದರೆ ಅದನ್ನು ಒಯ್ದು ಇಡಲು ಬೆಂಗಳೂರಿನಲ್ಲಿ ಸಮಾಧಿ ಇರಲಿಲ್ಲ. ಇದೇ ಹೊತ್ತಿಗೆ ಸುದೀಪ್ ಕೆಂಗೇರಿ ಕಡೆ ಅರ್ಧ ಎಕರೆ ಜಾಗ ಖರೀದಿಸಿ ಅಭಿಮಾನಿಗಳ ಜೊತೆ ನಿಂತರು. ಅಲ್ಲಿ ವಿಷ್ಣು ಹೆಸರಿನಲ್ಲಿ 'ಅಭಿಮಾನ ಕ್ಷೇತ್ರ' ಕಟ್ಟುವ ಯೋಜನೆ. ಈ ಕಥೆಯಲ್ಲಿ ಮೊದಲ ಸಲ ಯಾರೋ ಒಬ್ಬರು ಮೊದಲು ಜಾಗ ಕೊಂಡು, ಆಮೇಲೆ ಸ್ಮಾರಕದ ಮಾತು ಆಡಿದರು. ಸರಿಯಾದ ದಾರಿ ಅದೇ.

ನಮ್ಮ ಮನೆಯ ಸೈಟಿನ ಪಾಠ

ಇಷ್ಟೆಲ್ಲ ಪಹಣಿ, ಷರತ್ತು ಅಂತ ಮಾತಾಡುವ ಬುದ್ಧಿ ನನಗೆ ಎಲ್ಲಿಂದ ಬಂತು ಅಂತೀರಾ? ಪೆಟ್ಟು ತಿಂದು ಬಂತು.

ನಮ್ಮಪ್ಪ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ದುಡಿದ ದುಡ್ಡಿನಲ್ಲಿ ಉತ್ತರಹಳ್ಳಿ ಆಚೆ ಒಂದು 20-30 ಸೈಟು ಕೊಂಡಿದ್ದರು. ಬ್ರೋಕರ್ ತೋರಿಸಿದ ಜಾಗ, ಬ್ರೋಕರ್ ಕೊಟ್ಟ ಕಾಗದ. ಗುದ್ದಲಿ ಪೂಜೆ ಮಾಡಿ ಎಲ್ಲರಿಗೂ ಪಾಯಸ ಹಂಚಿದೆವು. ಆರು ತಿಂಗಳಾದ ಮೇಲೆ ಗೊತ್ತಾಯಿತು, ಅದೇ ಸೈಟನ್ನು ಇನ್ನೂ ಒಬ್ಬರಿಗೆ ಮಾರಿದ್ದಾರೆ! "ಬೇರೆ ಕಡೆ ಬದಲಿ ಸೈಟು ಕೊಡ್ತೀನಿ ಬಿಡಿ ಸಾರ್" ಅಂದ ಆ ಪುಣ್ಯಾತ್ಮ. ಆ ಬದಲಿ ಸೈಟು ಇವತ್ತಿಗೂ ಬಂದಿಲ್ಲ. ಅವನ ಫೋನ್ ನಂಬರ್ ಮಾತ್ರ ನಾಲ್ಕು ಸಲ ಬದಲಾಯಿತು.

ಅಪ್ಪನ ಜೊತೆ ತಾಲ್ಲೂಕು ಕಚೇರಿ ಅಲೆಯುತ್ತಾ ನಾನು ಕಲಿತದ್ದು ಇಷ್ಟು. ಪಹಣಿ ಅಂತ ಒಂದು ಕಾಗದ ಇರುತ್ತೆ. ಅದರಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಯಾರ ಹೆಸರು, ಹಕ್ಕು ಹೇಗೆ ಬಂತು ಅನ್ನುವುದೆಲ್ಲ ಇರುತ್ತೆ. ಈಗ ಸರ್ಕಾರದ 'ಭೂಮಿ' ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಜಾಗ ಕೈ ಬದಲಾಯಿಸಿದ ಲೆಕ್ಕ ಋಣಭಾರ ಪತ್ರದಲ್ಲಿ ಸಿಗುತ್ತೆ. ಇನ್ನೂ ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಮಂಜೂರಾತಿ ಆದೇಶದ ನಕಲು ಕೇಳಬಹುದು. ಹತ್ತು ರೂಪಾಯಿ! ಸಿಂಗಲ್ ಸ್ಕ್ರೀನಿನ ಇಂಟರ್‌ವಲ್ಲಿನಲ್ಲಿ ಒಂದು ಸಮೋಸಾ ಬರಲ್ಲ ಅಷ್ಟಕ್ಕೆ.

ನಮ್ಮ ಬಡಾವಣೆಯ ಪಾರ್ಕುಗಳ ಮಾತು

ಈ ಪಾಠ ನಟರ ಸಮಾಧಿಗೆ ಮಾತ್ರ ಅಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಿನಲ್ಲಿ ಬಡಾವಣೆಗೊಂದು ಪಾರ್ಕಿದೆ. ಎಷ್ಟೋ ಪಾರ್ಕಿಗೆ ಹಿರಿಯರ ಹೆಸರಿದೆ, ಎಷ್ಟೋ ಕಡೆ ಒಂದು ಪುತ್ಥಳಿ, ಕೆಳಗೊಂದು ಕಲ್ಲು. ನಾಳೆ ಯಾರಾದರೂ ಬಂದು "ಇದನ್ನು ಬಿಟ್ಟುಕೊಡಿ, ಆ ಕಡೆ ಇದಕ್ಕಿಂತ ದೊಡ್ಡ ಜಾಗ ಕೊಡ್ತೀವಿ" ಅಂದರೆ ಏನು ಮಾಡ್ತೀರಿ?

ಸದಾಶಿವನಗರದ ಪಕ್ಕದ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಇಂಥದೇ ಒಂದು ಕೇಸು ನಡೆದಿತ್ತು. ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ತೀರ್ಪು ಕೊಟ್ಟಿತು. ಪಾರ್ಕು ಅಂತ ನಕ್ಷೆಯಲ್ಲಿ ಬಿಟ್ಟ ಜಾಗ ಜನರದು, ಮೇಲಿನವರು ಬಯಸಿದ ಮಾತ್ರಕ್ಕೆ ಅದನ್ನು ಖಾಸಗಿಯವರಿಗೆ ಕೊಡುವ ಹಾಗಿಲ್ಲ ಅನ್ನುವುದು ಅದರ ತಿರುಳು. ಇವತ್ತಿಗೂ ದೇಶದ ಮೂಲೆ ಮೂಲೆಯಲ್ಲಿ ಪಾರ್ಕಿನ ಕೇಸು ನಡೆದರೆ ನಮ್ಮ ಬೆಂಗಳೂರಿನ ಆ ತೀರ್ಪನ್ನು ಎತ್ತಿ ಹಿಡಿಯುತ್ತಾರೆ. 1985ರ ಕರ್ನಾಟಕದ ಉದ್ಯಾನ, ಆಟದ ಮೈದಾನಗಳ ಕಾಯ್ದೆಯೂ ಅದರ ಬೆನ್ನಿಗಿದೆ.

ನೋಡಿದಿರಾ? ಪಾರ್ಕು ಅಂತ ಕಾಗದದಲ್ಲಿ ಬರೆದಿದ್ದಕ್ಕೆ ಪಾರ್ಕು ಉಳಿಯಿತು. ಸಮಾಧಿ ಅಂತ ಯಾವ ಕಾಗದದಲ್ಲೂ ಬರೆಯದೇ ಇದ್ದದ್ದಕ್ಕೆ ಸಮಾಧಿ ಉಳಿಯಲಿಲ್ಲ. ಹೂವಿನ ಹಾರ ಒಂದು ದಿನಕ್ಕೆ ಬಾಡುತ್ತೆ, ಕಟ್‌ಔಟ್ ಒಂದು ಮಳೆಗೆ ಹರಿಯುತ್ತೆ. ಕಾಗದ ಉಳಿಯುತ್ತೆ.

ಜಯನಗರ 4ನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಒಂದು ಕಾಲಕ್ಕೆ ಪುಟ್ಟಣ್ಣ ಚಿತ್ರಮಂದಿರ ಇತ್ತು. 1972ರ 'ನಾಗರಹಾವು' ನಿರ್ದೇಶಿಸಿ ರಾಮಾಚಾರಿಯನ್ನು, ಅಂದರೆ ನಮ್ಮ ವಿಷ್ಣುವನ್ನು, ನಾಡಿಗೆ ಕೊಟ್ಟ ಪುಟ್ಟಣ್ಣ ಕಣಗಾಲ್ ಹೆಸರಿನದು. ಅದನ್ನೂ ಕೆಡವಿದರು. ಗುರುವಿನ ಹೆಸರಿನ ಥಿಯೇಟರೂ ಇಲ್ಲ, ಶಿಷ್ಯನ ಸಮಾಧಿಯೂ ಇಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಉಳಿದದ್ದು ರಸ್ತೆಯ ಬೋರ್ಡು ಒಂದೇ.

ಕೊನೆಗೊಂದು ಮಾತು

2018ರಲ್ಲಿ 'ನಾಗರಹಾವು' ಹೊಸ ರೂಪದಲ್ಲಿ ಮತ್ತೆ ತೆರೆಗೆ ಬಂದಾಗ ಮಾವನನ್ನು ಕರೆದುಕೊಂಡು ಹೋಗಿದ್ದೆ. ಕೋಟೆಯ ಬಂಡೆ ಮೇಲೆ ರಾಮಾಚಾರಿ ಕಾಣಿಸಿಕೊಂಡಾಗ ಇಡೀ ಥಿಯೇಟರು ಎದ್ದು ನಿಂತಿತು. ಅವತ್ತು ಮಾವ ಪೇಪರ್ ಚೂರು ಎಸೆಯಲಿಲ್ಲ, ಶಿಳ್ಳೆ ಹೊಡೆಯಲಿಲ್ಲ. ಕೈ ಕಟ್ಟಿಕೊಂಡು ಕೂತಿದ್ದರು. ಹೊರಗೆ ಬಂದ ಮೇಲೆ "ಯಾಕೆ ಮಾವ?" ಅಂದೆ. "ಬದುಕಿದ್ದಾಗ ಶಿಳ್ಳೆ ಹೊಡೆದೆ. ಹೋದ ಮೇಲೆ ಏನಾದ್ರೂ ಮಾಡ್ಬೇಕಿತ್ತು, ಅದೇನು ಅಂತ ಗೊತ್ತಾಗ್ಲಿಲ್ಲ ಕಣೋ" ಅಂದರು.

ಈಗ ಗೊತ್ತಾಗಿದೆ ಮಾವ.

ಕೆಂಗೇರಿಯ ಆ ಅರ್ಧ ಎಕರೆಗೆ ಕಲ್ಲು, ಸಿಮೆಂಟು, ಹಣ ಕೊಡುವ ಕೈಗಳು ಬೇಕಾದಷ್ಟಿವೆ. ಅವುಗಳ ಜೊತೆ ಕಾಗದ ಓದುವ ನಾಲ್ಕು ಹುಡುಗರೂ ಇರಲಿ. ನಿಮ್ಮ ಊರಿನ ಅಭಿಮಾನಿ ಸಂಘ ಪುತ್ಥಳಿ ನಿಲ್ಲಿಸುವ ಮೊದಲು, ವೃತ್ತಕ್ಕೆ ಹೆಸರಿಡುವ ಮೊದಲು, ಆ ಜಾಗದ ಸರ್ವೆ ನಂಬರ್ ಕೇಳಿ. ಯಾರ ಹೆಸರಲ್ಲಿದೆ ಕೇಳಿ. ಯಾವ ಉದ್ದೇಶಕ್ಕೆ ಕೊಟ್ಟದ್ದು ಕೇಳಿ. "ಬದಲಿ ಕೊಡ್ತೀವಿ" ಅಂದರೆ ಬಾಯಿ ಮಾತು ಬೇಡ, ಆದೇಶದ ಪ್ರತಿ ಕೊಡಿ ಅನ್ನಿ.

ಈ ಡಿಸೆಂಬರ್ 30ಕ್ಕೆ ನಾನೂ ಮಾವನೂ ಮತ್ತೆ ಬನಶಂಕರಿಯಲ್ಲಿ ಬಸ್ ಹತ್ತುತ್ತೇವೆ. ಎಲ್ಲಿ ಇಳಿಯಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಮಾವ ಮಾತ್ರ ಟಿಕೆಟ್ಟು ಕೊನೇ ಸ್ಟಾಪಿಗೇ ತಗೋ ಅಂದಿದ್ದಾರೆ. ದಾದಾ ಹೆಸರಿನ ರಸ್ತೆ ಅಲ್ಲವೇ, ಪೂರ್ತಿ ಹೋಗಿಬಿಡೋಣ.

ಏನಂತೀರಿ?